ಅಸೆಂಬ್ಲಿ ಕಲಿಕೆ: ನಾಲ್ಕು ಆಕ್ಷೇಪಗಳಿಗೆ ಉತ್ತರ

ಸಕಲೇಶಪುರ, ಆಲೂರು ಕಡೆಯಿಂದ ಹಾಸನಕ್ಕೆ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದಲು ಹೋಗುವ ಮಕ್ಕಳು ಅಸೆಂಬ್ಲಿ ಭಾಷೆಯನ್ನು 8085ರಂಥ ಸಣ್ಣ ಪ್ರೊಸೆಸರಿನಿಂದ, ಕಾಗದ ಪೆನ್ಸಿಲ್ ಹಿಡಿದು ಶುರುಮಾಡಬೇಕು ಎಂಬುದು ನನ್ನ ವಾದ. ಇದನ್ನು ಒಪ್ಪದವರ ಮಾತುಗಳನ್ನು ಒಂದೊಂದಾಗಿ ನೋಡೋಣ.

ಒಂದು: ‘8085 ಬಂದದ್ದು 1976ರಲ್ಲಿ, ಅದು ಈಗೇಕೆ?’

ಯಂತ್ರ ಇಡಿಯಾಗಿ ತಲೆಯೊಳಗೆ ಹಿಡಿಸುತ್ತದೆ, ಅದಕ್ಕೆ. ಎಂಟು ಬಿಟ್‌ನ ಏಳು ರಿಜಿಸ್ಟರ್, ಐದು ಫ್ಲ್ಯಾಗ್. ಆರಂಭಕ್ಕೆ ಅಷ್ಟು ಸಾಕು. ಇಂದಿನ ಲ್ಯಾಪ್‌ಟಾಪಿನ ಇಂಟೆಲ್ ಪ್ರೊಸೆಸರಿನ ಕೈಪಿಡಿಯೋ ಸಾವಿರಾರು ಪುಟ. ಹೊಸದೇ ಬೇಕೆನ್ನುವವರಿಗೆ ರಿಸ್ಕ್-ಫೈವ್ (RISC-V) ಇದೆ. ಅದರ 32 ಬಿಟ್‌ನ ಮೂಲ ಗುಂಪಿನಲ್ಲಿರುವುದು ಸುಮಾರು 40 ಇನ್‌ಸ್ಟ್ರಕ್ಷನ್. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರ್ ಅದನ್ನೇ ಆಧರಿಸಿದೆ.

ಎರಡು: ‘ಮೊದಲು ಎಲ್ಲ ಇನ್‌ಸ್ಟ್ರಕ್ಷನ್ ಬಾಯಿಪಾಠವಾಗಲಿ.’

ಬಾಯಿಪಾಠದಿಂದ ಪರೀಕ್ಷೆ ಪಾಸಾಗಬಹುದು, ಪ್ರೋಗ್ರಾಂ ಅರ್ಥವಾಗದು. ಎ ರಿಜಿಸ್ಟರಿನಲ್ಲಿ 0, ಬಿಯಲ್ಲಿ 5 ಇಡಿ. ಎಗೆ ಬಿಯನ್ನು ಕೂಡಿಸಿ, ಬಿಯಿಂದ 1 ಕಳೆಯಿರಿ. ಫಲ ಸೊನ್ನೆಯಾಗದಿದ್ದರೆ ಮತ್ತೆ ಕೂಡುವಲ್ಲಿಗೆ ಹೋಗಿ. ಕೊನೆಗೆ ಎಯಲ್ಲಿ 15. ಈಗ ಕಳೆಯುವುದನ್ನು ಕೂಡುವುದಕ್ಕಿಂತ ಮುಂದೆ ತನ್ನಿ. ಬಿ ಸೊನ್ನೆಯಾದರೂ ಲೂಪ್ ನಿಲ್ಲುವುದಿಲ್ಲ! ಕೊನೆಯ ಲೆಕ್ಕದ ಫಲ ಸೊನ್ನೆಯೇ ಎಂದು ತಿಳಿಸುವ ಜೀರೋ ಫ್ಲ್ಯಾಗ್ ಈಗ ಹೇಳುತ್ತಿರುವುದು ಕೂಡಿದ ಮೊತ್ತದ ಸಂಗತಿ, ಬಿಯದ್ದಲ್ಲ. ಹತ್ತೂ ಸಾಲಿಲ್ಲದ ಈ ಪ್ರೋಗ್ರಾಂ ಕಲಿಸುವುದನ್ನು ಯಾವ ಪಟ್ಟಿಯೂ ಕಲಿಸದು.

ಮೂರು: ‘ಸಿಮ್ಯುಲೇಟರ್ ಇರುವಾಗ ಕಾಗದವೇಕೆ?’

ಸಿಮ್ಯುಲೇಟರ್ ಖಂಡಿತ ಬೇಕು, ಆದರೆ ಕಾಗದದ ನಂತರ. ಪ್ರತಿ ಸಾಲಿನ ಬಳಿಕ ರಿಜಿಸ್ಟರ್, ಫ್ಲ್ಯಾಗ್ ಏನಾಗುತ್ತದೆಂದು ಮೊದಲೇ ಬರೆದಿಟ್ಟು, ಆಮೇಲೆ ಒಂದೊಂದೇ ಹೆಜ್ಜೆ ಓಡಿಸಿ ತಾಳೆ ನೋಡಬೇಕು. ಎಲ್ಲಿ ತಾಳೆಯಾಗದೋ ಅಲ್ಲಿಂದ ಕಲಿಕೆ ಶುರು. ಬರೀ ಪರದೆ ನೋಡಿದರೆ ಉತ್ತರ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ ನಮ್ಮ ಮಲೆನಾಡಿನ ಮನೆಯಲ್ಲೂ ಲಾಟೀನಿನ ಬೆಳಕಲ್ಲಿ ಈ ಅಭ್ಯಾಸ ಮಾಡಬಹುದು.

ನಾಲ್ಕು: ‘ಕಂಪೈಲರ್ ನಮಗಿಂತ ಚೆನ್ನಾಗಿ ಬರೆಯುತ್ತದೆ.’

ಬಹುಪಾಲು ನಿಜ. ಆದರೆ ಅದು ಬರೆದದ್ದನ್ನು ಓದುವವರು ಬೇಡವೇ? ಜಿಸಿಸಿ ಕಂಪೈಲರಿಗೆ ‘-S’ ಆಯ್ಕೆ ಕೊಟ್ಟರೆ ನಮ್ಮ ಸಿ ಪ್ರೋಗ್ರಾಮಿನ ಅಸೆಂಬ್ಲಿ ರೂಪ ಕೈಗೆ ಬರುತ್ತದೆ. ಪಾಯಿಂಟರ್ ಎಂದರೆ ವಿಳಾಸ, ಫಂಕ್ಷನ್ ಕರೆದಾಗ ಸ್ಟ್ಯಾಕ್ ಹೇಗೆ ಬೆಳೆಯುತ್ತದೆ ಎಂಬುದೆಲ್ಲ ಅಲ್ಲಿ ಕಣ್ಣಿಗೆ ಕಾಣುತ್ತದೆ. ಕ್ರ್ಯಾಶ್ ಆದ ಪ್ರೋಗ್ರಾಮನ್ನು ಡಿಬಗ್ಗರಿನಲ್ಲಿ ಬಿಚ್ಚಿ ನೋಡುವವರಿಗೂ ಈ ಓದು ಬರಲೇಬೇಕು.

ಆದ್ದರಿಂದ ಕಲಿಸುವವರಲ್ಲಿ ನನ್ನ ಕೇಳಿಕೆ ಇಷ್ಟೆ: ಮೊದಲ ತಿಂಗಳು ಇನ್‌ಸ್ಟ್ರಕ್ಷನ್ ಪಟ್ಟಿ ಒಪ್ಪಿಸಲು ಹೇಳಬೇಡಿ. ಪುಟ್ಟ ಪ್ರೋಗ್ರಾಂ ಕೊಟ್ಟು, ಮುಂದಿನ ಸಾಲಿನಲ್ಲಿ ಏನಾಗುತ್ತದೆಂದು ಕೇಳಿ. ಉತ್ತರ ಕನ್ನಡದಲ್ಲಿ ಬಂದರೆ ಕನ್ನಡದಲ್ಲೇ ಒಪ್ಪಿಕೊಳ್ಳಿ.