ಬಳಸುವವರಿಗಷ್ಟೇ ಬಿಲ್ ಮಾಡಿ

ಸಾಫ್ಟ್‌ವೇರ್ ಸಹೋದ್ಯೋಗಿಗಳೇ, ಪ್ಲಗಿನ್ ತಯಾರಕರೇ, ಕಂಪನಿಗಳ ಖರೀದಿ ವಿಭಾಗದವರೇ,

ಒಂದು ಕಚೇರಿಯಲ್ಲಿ, ತಂಡದ ಕೆಲಸಗಳ ಲೆಕ್ಕವಿಡುವ ಜಿರಾ ಸಾಫ್ಟ್‌ವೇರ್ ಬಳಸುವವರು 300 ಮಂದಿ ಎಂದಿಟ್ಟುಕೊಳ್ಳಿ. ಅವರಲ್ಲಿ ಟೆಸ್ಟಿಂಗ್ ಮಾಡುವವರು 12 ಜನ. ಟೆಸ್ಟ್ ಕೇಸುಗಳನ್ನು ಬರೆದಿಡಲು ಅವರಿಗೊಂದು ಪ್ಲಗಿನ್ ಬೇಕು. ಜಿರಾ ತಯಾರಿಸುವ ಅಟ್ಲಾಸಿಯನ್ ಕಂಪನಿಯ ಪ್ಲಗಿನ್ ಮಾರ್ಕೆಟ್‌ಪ್ಲೇಸಿನಲ್ಲಿ ವರ್ಷಗಟ್ಟಲೆ ನಡೆದುಬಂದ ನಿಯಮ ಏನೆಂದರೆ, ಜಿರಾಕ್ಕೆ ಎಷ್ಟು ಜನರ ಲೈಸೆನ್ಸ್ ಇದೆಯೋ ಪ್ಲಗಿನ್ನಿಗೂ ಅಷ್ಟೇ ಜನರ ಲೈಸೆನ್ಸ್ ಕೊಳ್ಳಬೇಕು. ತಲೆಗೆ ತಿಂಗಳಿಗೆ 100 ರೂಪಾಯಿ ಹಿಡಿದರೂ 1,200 ರೂಪಾಯಿಯಲ್ಲಿ ಆಗಬೇಕಾದ ಕೆಲಸಕ್ಕೆ 30,000 ರೂಪಾಯಿ! ಎಚ್‌ಆರ್, ಅಕೌಂಟ್ಸ್‌ನವರೂ ಸೇರಿ ಉಳಿದ 288 ಮಂದಿ ಆ ಪ್ಲಗಿನ್ನನ್ನು ಒಮ್ಮೆಯೂ ತೆರೆಯುವುದಿಲ್ಲ. ಮ್ಯಾನೇಜರ್ ಬೇಡವೆನ್ನುತ್ತಾರೆ, ಟೆಸ್ಟರ್‌ಗಳು ಮತ್ತೆ ಎಕ್ಸೆಲ್ ಹಿಡಿದು ಕೂರುತ್ತಾರೆ, ತಯಾರಕರಿಗೆ ಆ 1,200 ರೂಪಾಯಿಯೂ ಬರುವುದಿಲ್ಲ.

ಎಲ್ಲರ ಮೇಲೂ ಹಂಚುವುದರಿಂದಲೇ ದರ ಕಡಿಮೆ, 12 ಜನರಿಗಷ್ಟೇ ಮಾರಿದರೆ ಏರಿಸಬೇಕಾಗುತ್ತದೆ ಎಂಬ ವಾದವಿದೆ. ಏರಿಸಲಿ. ತಲೆಗೆ 500 ಆದರೂ ಒಟ್ಟು 6,000. ಕೊಳ್ಳುವವರಿಗೆ ನಿಲುಕುವ ಮೊತ್ತ ಅದು. ಇಡೀ ಕಚೇರಿ ಟೈಮ್‌ಶೀಟ್ ತುಂಬುವ ಪ್ಲಗಿನ್ನಿಗೆ ಎಲ್ಲರ ಲೆಕ್ಕ ಹಿಡಿಯುವುದು ನ್ಯಾಯವೇ. ನಮ್ಮ ತಕರಾರು ಬಳಸದವರ ಹೆಸರಿನಲ್ಲಿ ವಸೂಲಿ ಮಾಡುವುದಕ್ಕೆ. ಈ ನಿಯಮವನ್ನು ಸಣ್ಣ ತಯಾರಕರು ತಾವಾಗಿ ಬದಲಿಸಲಾರರು, ಮಾರ್ಕೆಟ್‌ಪ್ಲೇಸ್ ವೇದಿಕೆ ನಡೆಸುವವರೇ ಬದಲಿಸಬೇಕು.

ಹಣ ಕಟ್ಟುವುದನ್ನು ನಿಲ್ಲಿಸಿದ ಮೇಲೆ ಏನಾಗಬೇಕು ಎಂಬುದೂ ಲೈಸೆನ್ಸಿನಲ್ಲೇ ಇರಲಿ. 2015ರ ಸೆಪ್ಟೆಂಬರಿನಲ್ಲಿ, ಪ್ರೋಗ್ರಾಮಿಂಗ್ ಟೂಲ್‌ಗಳ ಕಂಪನಿ ಜೆಟ್‌ಬ್ರೇನ್ಸ್ ತನ್ನ ಟೂಲ್‌ಗಳನ್ನು ಚಂದಾ ಪದ್ಧತಿಗೆ ಒಯ್ಯುವುದಾಗಿ ಪ್ರಕಟಿಸಿತು. ಚಂದಾ ಮುಗಿದರೆ ಟೂಲೂ ಕೈಬಿಡುತ್ತದೆ ಎಂದು ಪ್ರೋಗ್ರಾಮರ್‌ಗಳು ತಿರುಗಿಬಿದ್ದರು. ಅದೇ ತಿಂಗಳು ಕಂಪನಿ ಮಣಿಯಿತು: ಸತತ 12 ತಿಂಗಳು ಕಟ್ಟಿದವರು ಚಂದಾ ಬಿಟ್ಟರೂ ಒಂದು ಹಳೆಯ ಆವೃತ್ತಿಯನ್ನು ಶಾಶ್ವತವಾಗಿ ಬಳಸಬಹುದು. ಬಳಸುವವರು ಒಟ್ಟಾಗಿ ಕೇಳಿದ್ದರಿಂದ ಸಿಕ್ಕ ಹಕ್ಕು ಇದು. ನಮ್ಮ ಗಣಕದಲ್ಲೇ ಓಡುವ ಪ್ರತಿಯೊಂದು ಪ್ಲಗಿನ್ನಿಗೂ ಇದು ಸಿಗಬೇಕು. ಕ್ಲೌಡ್‌ನಲ್ಲಿ ಓಡುವುದಕ್ಕೆ ಹಳೆಯ ಆವೃತ್ತಿ ಉಳಿಸಿಕೊಡುವುದು ಕಷ್ಟ, ಒಪ್ಪುತ್ತೇವೆ. ಆದರೆ ನಾವು ಬರೆದಿಟ್ಟ ಟೆಸ್ಟ್ ಕೇಸುಗಳು ನಮ್ಮವು. ಅವನ್ನು ಇಳಿಸಿಕೊಳ್ಳಲು ಚಂದಾ ಮುಗಿದ ಮೇಲೂ 90 ದಿನ ಬಿಡಿ.

ಮುಂದಿನ ರಿನ್ಯೂವಲ್ ಕೊಟೇಶನ್ ಬಂದಾಗ ಕೂಡಲೇ ಸಹಿ ಹಾಕಬೇಡಿ. ಹೋದ ವರ್ಷ ಆ ಪ್ಲಗಿನ್ ನಿಜಕ್ಕೂ ಎಷ್ಟು ಜನರಿಗೆ ಬೇಕಾಯಿತೆಂದು ತಂಡಗಳನ್ನು ಕೇಳಿ. ಆ ಸಂಖ್ಯೆಯನ್ನು ಕೊಟೇಶನ್ನಿನ ಮೇಲೆ ಬರೆದು, ತಯಾರಕರಿಗೊಂದು, ವೇದಿಕೆಯವರಿಗೊಂದು ಪ್ರತಿ ಕಳಿಸಿ.