ಮನೆಮಂದಿಗೆಲ್ಲ ಜೋಳವೇ ಅಗ್ಗ

ಸೀಲಿಯಾಕ್ ಕಾಯಿಲೆಯ ಮಗುವಿಗೆ ವೈದ್ಯರು ಮುಖ್ಯವಾಗಿ ಹೇಳುವುದು ಔಷಧವನ್ನಲ್ಲ, ಪಥ್ಯವನ್ನು. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಜೀವನಪೂರ್ತಿ ಅದನ್ನು ಬಿಡುವುದೇ ಚಿಕಿತ್ಸೆ. ಆಸ್ಪತ್ರೆಯಿಂದ ಬಂದ ಪಾಲಕರು ‘ಗ್ಲುಟೆನ್ ಫ್ರೀ’ ಎಂಬ ಪೊಟ್ಟಣ ಹುಡುಕಿಕೊಂಡು ಹೊರಡುತ್ತಾರೆ. ಆ ಬ್ರೆಡ್ಡು, ಬಿಸ್ಕತ್ತುಗಳ ಬೆಲೆ ಕೇಳಿಯೇ ಅರ್ಧ ಧೈರ್ಯ ಹೋಗುತ್ತದೆ.

ವಿಜಯಪುರ ಜಿಲ್ಲೆಯ ಭೂತನಾಳದಿಂದ ತಿಕೋಟಾ, ಬಬಲೇಶ್ವರದವರೆಗಿನ ಮನೆಗಳಿಗೆ ಈ ಖರ್ಚು ಬೇಕಿಲ್ಲ. ಡೋಣಿ ನದಿ ಸಾಲಿನ ಬಿಳಿಜೋಳ, ಸಜ್ಜೆ, ನವಣೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೊತ್ತೊಯ್ಯುವ ಸಜ್ಜೆರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಯನ್ನು ಈ ಮಗು ಎಲ್ಲರ ಜೊತೆ ಕೂತು ಉಣ್ಣಬಹುದು. ಒಂದು ಎಚ್ಚರ: ಸದಕ ಗೋಧಿ ನಾಟಿ ತಳಿ, ಅದೇನೂ ಮಾಡುವುದಿಲ್ಲ ಎಂಬ ಮಾತು ಓಡಾಡುತ್ತಿದೆ. ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಪುಡಿ ಇಂಗಿಗೂ ಬಹುತೇಕ ಗೋಧಿಹಿಟ್ಟು ಬೆರೆಸಿರುತ್ತಾರೆ.

ಹಾಗಂತ ಜೋಳ ಪುಕ್ಕಟೆ ಬರುವುದಿಲ್ಲ. 2025–26ರಲ್ಲಿ ಮಾಲ್ದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ ₹3,749, ಗೋಧಿಯದು ₹2,425. ಕಿಲೋಗೆ ₹13ರ ಅಂತರ. ಐದು ಮಂದಿಯ ಮನೆಗೆ ತಿಂಗಳಿಗೆ 30 ಕಿಲೋ ಎಂದರೂ ಹೆಚ್ಚುವರಿ ಹೊರೆ ಸುಮಾರು ₹400. ತಿಕೋಟಾದ ಸುತ್ತ ದ್ರಾಕ್ಷಿ, ನೀರಾವರಿ ಸಿಕ್ಕಲ್ಲಿ ಕಬ್ಬು ಬಂದ ಮೇಲೆ ಮನೆಯ ಜೋಳ ಬಿಟ್ಟು ಪೇಟೆಯ ಜೋಳ ತರುವ ಕುಟುಂಬಗಳೂ ಹೆಚ್ಚಿವೆ. ಆದರೂ ಪೊಟ್ಟಣದ ಲೆಕ್ಕದ ಮುಂದೆ ₹400 ಏನೂ ಅಲ್ಲ.

ನಿಜವಾದ ತೊಡಕು ಗಿರಣಿಯಲ್ಲಿದೆ. ನಮಗಿಂತ ಮೊದಲು ಯಾರೋ ಗೋಧಿ ಬೀಸಿಸಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಗವಸಿನಲ್ಲಿ ಅದರ ಹಿಟ್ಟು ಕೂತಿರುತ್ತದೆ. ನಮ್ಮ ಜೋಳದ ಮೊದಲ ಸೇರು ಹಿಟ್ಟು ಅದನ್ನೆಲ್ಲ ಒರೆಸಿಕೊಂಡೇ ಡಬ್ಬಿಗೆ ಇಳಿಯುತ್ತದೆ. ಗ್ಲುಟೆನ್‌ರಹಿತ ಎನ್ನಲು ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಒಂದು ಕಿಲೋ ಜೋಳದ ಹಿಟ್ಟಿಗೆ ಒಂದು ಚಿಟಿಕೆ ಗೋಧಿಹಿಟ್ಟು ಸೇರಿದರೂ ಆ ಗೆರೆ ದಾಟಿತು. ಇದಕ್ಕಾಗಿ ಸಾವಿರಾರು ರೂಪಾಯಿ ಕೊಟ್ಟು ಮನೆಗೇ ಗಿರಣಿ ತರಲು ಎಲ್ಲರಿಂದಲೂ ಆಗದು. ಎರಡು ಜೋಡಿ ಕಲ್ಲಿರುವ ಗಿರಣಿಯಲ್ಲಿ ಒಂದು ಜೋಡಿಯನ್ನು ಜೋಳ, ಸಜ್ಜೆಗೆ ಮಾತ್ರ ಮೀಸಲಿಟ್ಟರೆ ಹತ್ತಾರು ಮನೆಗಳ ಹಣ ಉಳಿಯುತ್ತದೆ.

ಇನ್ನೊಂದು ಖರ್ಚು ಯಾವ ಚೀಟಿಯಲ್ಲೂ ಬರುವುದಿಲ್ಲ: ತಾಯಿಯ ದುಡಿಮೆ. ಮಗುವಿಗೆ ರೊಟ್ಟಿ, ಉಳಿದವರಿಗೆ ಚಪಾತಿ ಎಂದರೆ ಎರಡು ಹಂಚು, ಎರಡು ಕೊಣಮಿಗೆ, ದಿನವೂ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಕೆಲಸ. ಅದಕ್ಕೇ ನನ್ನ ಮಾತು ಸ್ಪಷ್ಟ: ಇಡೀ ಮನೆಯೇ ಜೋಳಕ್ಕೆ ಬರಲಿ. ಅಡುಗೆಮನೆಯಲ್ಲಿ ಗೋಧಿಯೇ ಇಲ್ಲದಿದ್ದರೆ ಬೆರಕೆಯ ಭಯವೂ ಇಲ್ಲ. ಮಗುವಿಗೆ ತಾನೊಬ್ಬನೇ ಬೇರೆ ಎನಿಸುವುದೂ ಇಲ್ಲ. ಜಾತ್ರೆಯ ಗೋಧಿ ಹುಗ್ಗಿ, ಮಾದಲಿ ತಪ್ಪುವ ಸಂಕಟವೇ ಆ ಮಗುವಿಗೆ ಸಾಕಷ್ಟಿದೆ.

2016ರಲ್ಲಿ ಪ್ರಕಟವಾದ ದೇಶದ ಹಲವು ಭಾಗಗಳ ಅಧ್ಯಯನವೊಂದರಲ್ಲಿ ಉತ್ತರ ಭಾರತದವರಲ್ಲಿ ಶೇ 1.23ರಷ್ಟು ಕಂಡ ಸೀಲಿಯಾಕ್ ದಕ್ಷಿಣದಲ್ಲಿ ಕೇವಲ ಶೇ 0.10 ಇತ್ತು. ಈ ಕಾಯಿಲೆ ವಿರಳ ಎಂಬ ಕಾರಣಕ್ಕೇ ನಮ್ಮಲ್ಲಿ ರಕ್ತಹೀನತೆ, ಬೆಳವಣಿಗೆ ಕುಂಠಿತ ಎಂದು ವರ್ಷಗಟ್ಟಲೆ ಅಲೆದವರಿಗೆ ಇದರ ಹೆಸರು ತಡವಾಗಿ ತಿಳಿಯುತ್ತದೆ. ಅನುಮಾನ ಬಂದರೆ ಗೋಧಿ ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ದಾರಿ ತಪ್ಪಿಸಬಹುದು. ಕಾಯಿಲೆ ಇಲ್ಲದವರು ಫ್ಯಾಷನ್ನಿಗಾಗಿ ಗೋಧಿ ಬಿಡಬೇಕಿಲ್ಲ.

ಇಟಲಿಯಲ್ಲಿ ಸೀಲಿಯಾಕ್ ರೋಗಿಗಳಿಗೆ ಗ್ಲುಟೆನ್‌ರಹಿತ ಆಹಾರ ಕೊಳ್ಳಲು ಸರ್ಕಾರವೇ ತಿಂಗಳ ನೆರವು ಕೊಡುತ್ತದೆ. ನಮಗೆ ಅಷ್ಟು ದೊಡ್ಡ ಏರ್ಪಾಡೂ ಬೇಡ. ಪಡಿತರದ ಅಕ್ಕಿ ಈ ಮಕ್ಕಳಿಗೆ ಸುರಕ್ಷಿತವೇ. ಆದರೆ ರೊಟ್ಟಿಯ ಊರಲ್ಲಿ ಅನ್ನವೊಂದರಿಂದಲೇ ದಿನ ಸಾಗುವುದಿಲ್ಲ, ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ, ನಾರಿನಂಶವೂ ಕಡಿಮೆ. ಉತ್ತರ ಕರ್ನಾಟಕದಲ್ಲಿ ಪಡಿತರದ ಜೊತೆ ಜೋಳ ಹಂಚಿದ ಅನುಭವ ಆಹಾರ ಇಲಾಖೆಗೆ ಇದೆ. ವೈದ್ಯರ ಪ್ರಮಾಣಪತ್ರ ತಂದ ಕುಟುಂಬಕ್ಕೆ, ಮಗುವಿನ ಪಾಲಷ್ಟೇ ಅಲ್ಲ, ಮನೆಯ ಎಲ್ಲರ ಪಾಲಿನಲ್ಲೂ ವರ್ಷವಿಡೀ ಜೋಳ ಆರಿಸಿಕೊಳ್ಳುವ ಅವಕಾಶವನ್ನು ಜಿಲ್ಲಾಡಳಿತ ಮೊದಲು ವಿಜಯಪುರದಲ್ಲೇ ಕೊಡಲಿ.