ಹಲ್ಲಿನ ಬೇರು, ವಿದ್ಯಾರ್ಥಿಯ ಬೇರು

ನಮ್ಮ ಹಲ್ಲುಗಳು ಗೋಡೆಗೆ ಹೊಡೆದ ಮೊಳೆಗಳಂತೆ ದವಡೆಯಲ್ಲಿ ನಾಟಿಕೊಂಡಿವೆಯೆಂದು ಅನೇಕರು ಭಾವಿಸಿರುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ಸಂದಿದೆ. ಆ ಸಂದಿನಲ್ಲಿ ಅಸಂಖ್ಯ ನಾರುಗಳು ಹಲ್ಲನ್ನು ತೂಗಿಟ್ಟಂತೆ ಹಿಡಿದಿರುತ್ತವೆ. ಅಗಿಯುವಾಗ ಬೀಳುವ ಒತ್ತಡವನ್ನು ಹಂಚಿಕೊಳ್ಳುವವು ಅವೇ. ಅನ್ನದಲ್ಲಿ ಸಿಕ್ಕ ಸಣ್ಣ ಕಲ್ಲನ್ನು ಒಡನೆಯೇ ತಿಳಿಸುವ ನರಗಳಿರುವುದೂ ಅಲ್ಲಿಯೇ. ಈ ನಾರುಗಳು ನಾಶವಾದರೆ ಹುಳುಕಿಲ್ಲದ ಹಲ್ಲೂ ಅಲುಗಾಡಿ ಬೀಳುತ್ತದೆ.

ದಂತವೈದ್ಯ ಕಾಲೇಜುಗಳಿಗೆ ಸೇರುವ ನಮ್ಮ ಮಲೆನಾಡಿನ ವಿದ್ಯಾರ್ಥಿಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆಂದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ 1958ರಲ್ಲಿಯೂ ಮಣಿಪಾಲದಲ್ಲಿ 1965ರಲ್ಲಿಯೂ ದಂತವೈದ್ಯ ಕಾಲೇಜುಗಳು ಆರಂಭವಾದವು. ಇಂದು ಶಿವಮೊಗ್ಗ, ದಾವಣಗೆರೆಗಳಲ್ಲಿಯೂ ಇವೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಕ್ಕಳು ಮನೆ ಬಿಟ್ಟು ಇಂತಹ ಊರುಗಳಿಗೆ ಹೋಗಬೇಕು. ನನ್ನಲ್ಲಿ ಭೌತಶಾಸ್ತ್ರ ಕಲಿತ, ಹೊಸನಗರದ ಕಡೆಯ ಹುಡುಗಿಯೊಬ್ಬಳು ಮೊದಲ ವರ್ಷದ ಯುಗಾದಿಗೆ ಊರಿಗೆ ಬಂದವಳು, "ಸಾರ್, ನಾನು ವಾಪಸು ಹೋಗುವುದಿಲ್ಲ" ಎಂದಳು. ಅಂಕಗಳಿಗೇನೂ ಕೊರತೆಯಿರಲಿಲ್ಲ. ಕನ್ನಡದಲ್ಲಿ ಮೂಡಿದ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಪಾಠ ಮುಂದೆ ಸಾಗಿರುತ್ತಿತ್ತು. ಅಡಕೆಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂಬ ಮಾತು ಬಂದ ದಿನ, ತೋಟದ ಮನೆಯ ಮಗಳೆಂದು ಸಹಪಾಠಿಗಳು ಇವಳತ್ತ ತಿರುಗಿ ನಕ್ಕರಂತೆ.

ಅಡಕೆಯ ವಿಷಯದಲ್ಲಿ ವಿಜ್ಞಾನ ಹೇಳುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ನಮ್ಮ ತೋಟಗಳ ಮೇಲಿನ ಅಭಿಮಾನದಿಂದ ಈ ಸತ್ಯವನ್ನು ಮರೆಮಾಚಬಾರದು. ಆದರೆ ಸತ್ಯವನ್ನು ಕಲಿಸುವುದಕ್ಕೆ ಒಬ್ಬ ವಿದ್ಯಾರ್ಥಿನಿಯನ್ನು ಪರಕೀಯಳನ್ನಾಗಿಸಬೇಕೆ?

"ಗಟ್ಟಿಗರು ಹೇಗೂ ಹೊಂದಿಕೊಳ್ಳುತ್ತಾರೆ" ಎನ್ನುವವರಿದ್ದಾರೆ. ಅಮೆರಿಕದ ವಾಲ್ಟನ್ ಮತ್ತು ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರು ಗಮನಿಸಬೇಕು. ಹೊಸಬರಿಗೆ ಒಂಟಿತನ ಸಹಜ, ಅದು ಕಾಲಕ್ರಮದಲ್ಲಿ ಕಳೆಯುತ್ತದೆ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಮೊದಲ ವರ್ಷದವರಿಗೆ ಸುಮಾರು ಒಂದು ಗಂಟೆಯ ಕಾಲ ಮನಗಾಣಿಸಲಾಯಿತು. ಮುಂದಿನ ಮೂರು ವರ್ಷಗಳಲ್ಲಿ ಕರಿಯ ವಿದ್ಯಾರ್ಥಿಗಳ ಅಂಕಗಳು ಏರಿ, ಬಿಳಿಯರಿಗೂ ಅವರಿಗೂ ಇದ್ದ ಅಂತರ ಅರ್ಧದಷ್ಟು ತಗ್ಗಿತು. ಅಲ್ಲಿನ ಫಲ ಇಲ್ಲಿಯೂ ಅಷ್ಟೇ ದೊರೆಯುವುದೆಂದು ಹೇಳಲಾಗದು. ಆದರೂ "ನಾನು ಇಲ್ಲಿಯವನು" ಎಂಬ ಭಾವನೆಗೂ ಕಲಿಕೆಗೂ ಸಂಬಂಧವುಂಟೆಂಬುದು ಇದರಿಂದ ವಿದಿತವಾಗುತ್ತದೆ.

2009ರ ನಿಯಮಗಳು ರ್ಯಾಗಿಂಗನ್ನು ನಿಷೇಧಿಸಿವೆ. ಅದು ಅಗತ್ಯ, ಆದರೆ ಸಾಲದು. ಪ್ರತಿಯೊಬ್ಬ ಹೊಸಬನಿಗೂ ಅವನ ಸೀಮೆಯ ಹಿರಿಯ ವಿದ್ಯಾರ್ಥಿಯೊಬ್ಬನನ್ನು ಜೊತೆಮಾಡಬೇಕು. ಕನ್ನಡದಲ್ಲಿ ಪ್ರಶ್ನೆ ಕೇಳಲು ಅವಕಾಶವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೆಲಸ ಕೊಡಬೇಕು. ಈ ಶಿಕ್ಷಣದಲ್ಲಿ ರೋಗಿಗಳ ಒಡನಾಟ ಮುಖ್ಯವಾಗಿ ಮೂರನೆಯ ವರ್ಷದಿಂದ ಆರಂಭವಾಗುತ್ತದೆ. ರೋಗಿಯನ್ನು ಮಾತನಾಡಿಸುವುದಕ್ಕಾದರೂ ಮೊದಲ ವರ್ಷದಿಂದಲೇ ಅವರನ್ನು ಏಕೆ ಕರೆಯಬಾರದು?

ಆ ಹುಡುಗಿ ಮನೆಯವರ ಒತ್ತಾಯಕ್ಕೆ ಮಣಿದು ಹಿಂದಿರುಗಿದಳು. ಮೂರನೆಯ ವರ್ಷದಲ್ಲಿ, ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದ ಮುದುಕಿಯೊಬ್ಬಳು ಆಸ್ಪತ್ರೆಗೆ ಬಂದಿದ್ದಳಂತೆ. ಬೇರೆಯವರು ಏನು ಕೇಳಿದರೂ "ಏನಿಲ್ಲ" ಎಂದೇ ಉತ್ತರ. ಇವಳು ಹತ್ತಿರ ಕುಳಿತು, "ಅಜ್ಜಿ, ದಿನಕ್ಕೆ ಎಷ್ಟು ಸಲ ಕವಳ ಹಾಕ್ತೀರಿ?" ಎಂದು ಕೇಳಿದಳು. ರಾತ್ರಿ ದವಡೆಯಲ್ಲಿ ಕವಳ ಇಟ್ಟುಕೊಂಡೇ ಮಲಗುವುದನ್ನೂ ಅಜ್ಜಿ ಹೇಳಿಬಿಟ್ಟಳು. ಮರುದಿನದಿಂದ ಹಳ್ಳಿಯ ರೋಗಿಗಳು ಬಂದಾಗ ಅಧ್ಯಾಪಕರು ಇವಳನ್ನು ಕರೆಯತೊಡಗಿದರು.

ಅವಳಿಗೆ ಆ ಕರೆ ಎರಡು ವರ್ಷ ಮೊದಲೇ ಬರಬಹುದಾಗಿತ್ತು.